ಅಮ್ಮುಚ್ಚಿ ಮುಖದ ಮೇಲಿನ ಪಟ್ಟೆ

ಮತ್ತೆ ಬಂತು ಆ ಪಟ್ಟೆ.

ನವನೀತನ್ ಲ್ಯಾಪ್‌ಟಾಪ್ ಮುಂದಿಂದ ಎದ್ದು ಹೋಗಿ ಗೋಡೆಗೆ ಹಣೆ ಒತ್ತಿ ನಿಂತ್ಕೊಂಡ. ಮೊದಲನೇ ಸಲ ಬಂದಾಗ ನಕ್ಕಿದ್ದ. ಆಮೇಲೆ ಬೈಯೋಕೆ ಶುರು ಮಾಡಿದ್ದ, ತಮಿಳಲ್ಲಿ, ಕನ್ನಡದಲ್ಲಿ, ಬಾಯಿಗೆ ಬಂದ ಭಾಷೇಲೆಲ್ಲ. ಈಗ ಬೈಯೋಕೂ ಉಸಿರಿಲ್ಲ.

ಸ್ಕ್ರೀನ್ ಮೇಲೆ ಒಬ್ಬ ಹೆಂಗಸು. ಮಿಲ್ ಗೇಟಿನ ಮುಂದೆ ನಿಂತಿದಾಳೆ, ತೋಳಲ್ಲಿ ಕೂಸು. ಸೀರೆ ಅಂಚು ಕಾಣತ್ತೆ, ಕೂಸಿನ ಮುಷ್ಟಿ ಕಾಣತ್ತೆ, ಹಿಂದೆ ಗೋಡೆಗೆ ಒರಗಿಸಿಟ್ಟ ಸೈಕಲ್ಲಿನ ಬೆಲ್ಲು ಕೂಡ ಕಾಣತ್ತೆ. ಆದ್ರೆ ಚಿತ್ರದ ನಟ್ಟನಡುವೆ, ಮೇಲಿಂದ ಕೆಳಗಿನ ತನಕ, ಒಂದು ಅಗಲವಾದ ಪಟ್ಟೆ. ಹಸಿರೂ ಅಲ್ಲ, ನೀಲೀನೂ ಅಲ್ಲ, ತಿರುಪ್ಪೂರ್ ಕಡೆ ಬನಿಯನ್ ಬಟ್ಟೆಗೆ ಬಣ್ಣ ಹಾಕಿ ಆಚೆ ಚೆಲ್ಲಿದ ನೀರಿನ ಥರ. ಆ ಪಟ್ಟೆಯೊಳಗೇ ಅವಳ ಮುಖ ಇರೋದು.

ಅವಳು ಬೆಳ್ಳಿಯಮ್ಮ. ನವನೀತನ್‌ಗೆ ಅಮ್ಮುಚ್ಚಿ, ಅಂದ್ರೆ ತಾಯಿಯ ತಾಯಿ. ತೋಳಲ್ಲಿರೋ ಕೂಸೇ ಅವನಮ್ಮ ಸಾಂತಿ. ಆ ಕೂಸಿಗೆ ಹಲ್ಲು ಬರೋ ಮುಂಚೇನೇ ಬೆಳ್ಳಿಯಮ್ಮ ಜ್ವರ ಬಂದು ಹೋಗಿಬಿಟ್ಳು. ಸಾಂತಿ ತನ್ನ ತಾಯಿ ಮುಖ ನೋಡಿಲ್ಲ. ನೋಡಿದ್ದಾಳೆ, ನೆನಪಿಲ್ಲ, ಎರಡೂ ಒಂದೇ.

ಇದೊಂದೇ ಫೋಟೋ. ಪೆರಿಯನಾಯಕನಪಾಳ್ಯದ ಮಿಲ್ಲಿಗೆ ಮಿಷಿನ್ ಜೋಡಿಸೋಕೆ ಬಂದಿದ್ದ ಒಬ್ಬ ವಿದೇಶಿ ಫಿಟ್ಟರ್ ತೆಗೆದು, ಊರಿಗೆ ಹೋದ್ಮೇಲೆ ಅಂಚೇಲಿ ಕಳಿಸಿದ್ದು. ಅದೂ ಕಾಗದದ ಫೋಟೋ ಅಲ್ಲ, ಸ್ಲೈಡು. ರಟ್ಟಿನ ಚೌಕಟ್ಟಿನೊಳಗೆ ಒಂದು ಪುಟ್ಟ ಫಿಲಂ ತುಂಡು. ಕ್ಯಾಮೆರಾ ಸರಿಯಾಗಿ ಹೊಂದಿಸದೆ ತೆಗೆದಿದ್ದಕ್ಕೆ ಹೆಚ್ಚುಕಮ್ಮಿ ಕರ್ರಗೇ ಇದೆ. ಸಾಂತಿ ಚಿಕ್ಕವಳಿದ್ದಾಗಿಂದ ಅದನ್ನ ಬಿಸಿಲಿಗೆ ಹಿಡಿದು ನೋಡ್ತಾನೇ ಬೆಳೆದವಳು. ಒಂದು ಸೀರೆ ಅಂಚು ಬಿಟ್ರೆ ಏನೂ ಕಂಡಿಲ್ಲ. ನವನೀತನ್ ಮೊಬೈಲಲ್ಲಿ ತೆಗೆದು ನೋಡಿದ, ಕತ್ತಲೆ. ಕೋಯಮತ್ತೂರಲ್ಲಿ ಸ್ಟುಡಿಯೋ ಸ್ಟುಡಿಯೋ ಅಲೆದ. "ಇದ್ರಲ್ಲಿ ಒಣ್ಣುಮೇ ಇಲ್ಲ, ಏನೂ ಇಲ್ಲ ತಂಬಿ, ಸುಮ್ನೆ ಇಟ್ಕೋ" ಅಂದ್ಬಿಟ್ರು.

ಅಷ್ಟರಲ್ಲಿ ಸಾಂತಿ ಕಣ್ಣು ಹೋಗೋಕೆ ಶುರುವಾಗಿತ್ತು. ಕಣ್ಣೊಳಗೆ ಪ್ರೆಷರ್. ಸುತ್ತಲಿಂದ ಕತ್ತಲೆ ಮುಚ್ಕೊಂಡು ಬರ್ತಾ ಇದೆ, ನಡುವೆ ಒಂದಿಷ್ಟು ಮಾತ್ರ ತೆರೆದಿದೆ. "ನೂಲಿನ ಕೋನ್ ಇರತ್ತಲ್ಲ ಕಣ್ಣು, ಅದರ ತೂತೊಳಗಿಂದ ನೋಡಿದಂಗೆ" ಅಂತ ಅವಳೇ ಹೇಳೋದು. ಮಗನನ್ನ ಕರೆಯೋದೂ ಕಣ್ಣು ಅಂತಾನೇ, ಆ ಕಡೆ ಎಲ್ಲ ಮಕ್ಕಳೂ ಕಣ್ಣುಗಳೇ. ಡಾಕ್ಟರು ಮಾತು ಸುತ್ತಿಸಲಿಲ್ಲ. ಹೋಗಿದ್ದು ವಾಪಸ್ ಬರಲ್ಲ, ಉಳಿದಿದ್ದೂ ಎಷ್ಟು ದಿನ ಅಂತ ಹೇಳೋಕಾಗಲ್ಲ ಅಂದ್ರು.

ಆಗ ಸಿಕ್ಕಿದ್ದು ಈ ಸ್ಕ್ಯಾನರು. ಕುರಿಚಿಯ ಪಂಪ್ ಕಂಪನೀಲಿ ನವನೀತನ್ ಕೆಲಸ. ಅಲ್ಲಿ ಗುಜರಿಗೆ ಹಾಕೋ ಸಾಮಾನಿನ ರಾಶೀಲಿ ಕರೀ ಡಬ್ಬಿ ಥರ ಬಿದ್ದಿತ್ತು. ಫಿಲಂ, ಸ್ಲೈಡು ಸ್ಕ್ಯಾನ್ ಮಾಡೋಕೇ ಅಂತ ಮಾಡಿದ್ದು, ಎಂಥ ಕತ್ತಲೆ ಸ್ಲೈಡನ್ನೂ ನಿಧಾನಕ್ಕೆ ಬೆಳಕು ಕುಡಿಸಿ ಎತ್ತೋ ಮಿಷಿನ್ನು. ಒಂದೇ ಪಂಚಾಯ್ತಿ ಅಂದ್ರೆ ಡ್ರೈವರ್ ಇಲ್ಲ. ಮಾಡಿದ ಕಂಪನಿ ಬಾಗಿಲು ಹಾಕ್ಕೊಂಡು ಹೋಗಿ ಯಾವ್ದೋ ಕಾಲ ಆಯ್ತು, ಈಗಿನ ಕಂಪ್ಯೂಟರುಗಳಿಗೆ ಇದು ಸ್ಕ್ಯಾನರ್ ಅಂತಾನೇ ಗೊತ್ತಾಗಲ್ಲ. ಸರಿ, ನಾನೇ ಬರೀತೀನಿ ಅಂತ ಕೂತ. ಒಂದು ಓಬೀರಾಯನ ಕಾಲದ ಲ್ಯಾಪ್‌ಟಾಪಲ್ಲಿ ಹಳೇ ಸಾಫ್ಟ್‌ವೇರ್ ಓಡಿಸಿ, ಅದು ಸ್ಕ್ಯಾನರ್ ಜೊತೆ ಏನು ಮಾತಾಡತ್ತೆ ಅಂತ ತಂತೀಲೇ ಕದ್ದು ಕೇಳಿ, ಒಂದೊಂದೇ ಆಜ್ಞೆ ಬಿಡಿಸಿಕೊಂಡ. ಇದು ಮೋಟರ್, ಇದು ದೀಪ, ಇದು ಹೋಲ್ಡರ್ ಒಳಗೆ ಎಳ್ಕೊಳ್ಳೋದು. ಬರೆದದ್ದನ್ನೆಲ್ಲ ಇಂಟರ್ನೆಟ್ಟಲ್ಲಿ ಎಲ್ರಿಗೂ ಬಿಟ್ಟಿಯಾಗಿ ಇಟ್ಟ. ಫಿನ್ಲೆಂಡಿನ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಬಂದು ಸೇರ್ಕೊಂಡ, ಅವನತ್ರಾನೂ ಇದೇ ಸ್ಕ್ಯಾನರು. ಯಾವುದೋ ಹಳೇ ಫಿಲಂ ತುಂಡು ಹಾಕಿ ಕಪ್ಪುಬಿಳುಪಲ್ಲಿ ಮೊದಲ ಪರೀಕ್ಷೆ ಚಿತ್ರ ಬಂದಾಗ ನವನೀತನ್ ಪೋತ್ತನೂರಿನ ಆ ಪುಟ್ಟ ಮನೇಲಿ ಕುಣಿದಾಡಿದ್ದಕ್ಕೆ, ಸಾಂತಿ ಬೆದರಿ "ಏನಾಯ್ತೋ, ಶಾಕ್ ಹೊಡೀತಾ?" ಅಂತ ಓಡಿ ಬಂದಿದ್ಳು.

ಆಯುಧಪೂಜೆ ಕಳೆದ್ಮೇಲೆ ಬಣ್ಣದ ಕೋಡ್ ಬರೆದು, ಆಗಲೇ ಮೊದಲ ಸಲ ಅಮ್ಮುಚ್ಚಿ ಸ್ಲೈಡ್ ಹಾಕಿದ. ಅವತ್ತಿಂದ ಪಟ್ಟೆ.

ಏನು ಮಾಡಲಿಲ್ಲ ಅವನು! ಬಣ್ಣದ ಲೆಕ್ಕ ಪೂರ್ತಿ ಅಳಿಸಿ ಮೊದಲಿಂದ ಬರೆದ. ಸ್ಲೈಡನ್ನ ತಲೆಕೆಳಗೆ ಹಾಕಿದ, ಅಡ್ಡ ಹಾಕಿದ. ಮುಖ ಚಿತ್ರದ ನಡುಮಧ್ಯ, ಪಟ್ಟೇನೂ ನಡುಮಧ್ಯ, ಎಲ್ಲಿಗೆ ತಪ್ಪಿಸ್ಕೊಳ್ಳೋದು. ಸ್ಕ್ಯಾನರ್ ಬಿಚ್ಚಿ ಲೆನ್ಸು, ಕನ್ನಡಿ, ಉರುಳೆ ಎಲ್ಲಾನೂ ಹತ್ತಿ, ಸ್ಪಿರಿಟ್ ಹಾಕಿ ಒರೆಸಿದ. ಪಟ್ಟೆ ಅಲ್ಲಾಡಲಿಲ್ಲ. ಅದಕ್ಕಿಂತ ಹೊಟ್ಟೆ ಉರಿಸಿದ್ದು ಏನು ಅಂದ್ರೆ, ಫಿನ್ಲೆಂಡಿನ ಮುದುಕ ಇದೇ ಕೋಡ್ ಹಾಕ್ಕೊಂಡು ಬಗೆಬಗೆಯ ಹಿಮದ ಫೋಟೋ ಕಳಿಸ್ತಾ ಇದ್ದ. ಒಂದು ಗೆರೆ ಇಲ್ಲ, ಹಾಲಿನಂಥ ಹಿಮ. ನಿನ್ನ ಡ್ರೈವರ್‌ನಿಂದ ನನ್ನ ಹೆಂಡತಿಯ ಯೌವನ ವಾಪಸ್ ಬಂತು ಅಂತ ಬೇರೆ ಬರೆದ.

ಅಂದ್ರೆ ತಪ್ಪು ಕೋಡಿಂದಲ್ಲ, ನನ್ನ ಮಿಷಿನ್ನಿಂದೇ ಅಂತಾಯ್ತು. ಸೆನ್ಸರ್ ನಡುವೆ ಸತ್ತಿದೆ. ಸತ್ತ ಸೆನ್ಸರಿಗೆ ಮದ್ದಿಲ್ಲ. ಮೇಲಿಂದ ದೀಪ ಬೇರೆ ಕೈ ಕೊಡ್ತಾ ಇತ್ತು. ಟ್ಯೂಬ್‌ಲೈಟಿನ ಮರಿ ಥರ ಒಂದು ಸಣ್ಣ ದೀಪ, ಎರಡು ತುದೀಲೂ ಕಪ್ಪು ಹತ್ತಿತ್ತು, ಹಚ್ಚಿದಾಗೆಲ್ಲ ಮಿಣಮಿಣ ಅಂತ ಯೋಚನೆ ಮಾಡಿ ಹತ್ಕೊಳ್ಳೋದು. ಅಂಥ ದೀಪ ಈಗ ಎಲ್ಲೂ ಸಿಗಲ್ಲ. ಪ್ರತಿ ಸ್ಕ್ಯಾನಿಗೂ ಅದರ ಆಯಸ್ಸು ಕರಗ್ತಿದೆ, ಅತ್ಲಾಗೆ ಅಮ್ಮನ ಕಣ್ಣು ಮುಚ್ತಿದೆ. ಯಾವುದು ಮೊದಲು ಆರತ್ತೋ ಅಂತ ನವನೀತನ್‌ಗೆ ಊಟ ಇಳೀತಿರಲಿಲ್ಲ.

ಸ್ಲೈಡನ್ನ ಆ ಮುದುಕನಿಗೇ ಕಳಿಸಿಬಿಡಲಾ ಅಂತ ಒಂದು ಸಲ ಅಮ್ಮನ್ನ ಕೇಳಿದ್ದ.

"ಅಷ್ಟು ದೂರವಾ? ನಡುವೆ ತೊಲೆದು ಹೋದ್ರೆ, ಸಿಗದೇ ಹೋದ್ರೆ?" ಸಾಂತಿ ಸ್ಲೈಡನ್ನ ಸೆರಗೊಳಗೆ ಮುಚ್ಕೊಂಡ್ಳು. "ಅದು ಹೋಗಿ ಬರೋ ಒಳಗೆ ನನ್ನ ಕಣ್ಣು ಇರತ್ತೋ ಇಲ್ವೋ. ಬೇಡ ಸಾಮಿ. ಕರ್ರಗಿದ್ರೂ ಪರವಾಯಿಲ್ಲ, ಕೈಯೊಳಗೆ ಇರ್ಲಿ."

ಆ ಭಾನುವಾರ ಮಧ್ಯಾಹ್ನ ಜಾಸ್ಮಿನ್ ಬಂದ್ಳು. ನವನೀತನ್ ಆಫೀಸಿನವಳು, ಉಡುಪಿ ಕಡೆಯವಳು, ಪಂಪಿನ ಮೋಟರ್ ಓಡಿಸೋ ಕೋಡ್ ಬರೆಯೋದು ಅವಳ ಕೆಲಸ. ಇವನು ನಾಲ್ಕು ದಿನದಿಂದ ಆಫೀಸಲ್ಲಿ ಮಾತೇ ಆಡ್ತಿಲ್ಲ ಅಂತ ತಾನೇ ಬಸ್ ಹತ್ತಿ ಬಂದಿದ್ಳು.

"ಎಂತ ಮಾರಾಯ ಇದು, ಮುಖ ಕನ್ನಡೀಲಿ ನೋಡಿದ್ಯಾ? ನಿನ್ನನ್ನೇ ಸ್ಕ್ಯಾನ್ ಮಾಡಬೇಕು ಈಗ."

"ಮಾಡು. ನಂಗೂ ನಡುವೆ ಪಟ್ಟೆ ಬರತ್ತೆ."

ಸಾಂತಿ ಒಳಗಿಂದ ಚಹಾ ಹಿಡ್ಕೊಂಡು ಬಂದ್ಳು. ಹೊಸಿಲ ಹತ್ರ ನಿಂತು ಕಾಲಲ್ಲಿ ತಡಕಿ, ಆಮೇಲೆ ದಾಟಿದ್ಳು. ಹಣೆ ಮೇಲಿನ ಪೊಟ್ಟು ಹುಬ್ಬಿನ ಕಡೆಗೆ ಜಾರಿತ್ತು. ಕುಂಕುಮಕ್ಕೆ ಅವಳು ಪೊಟ್ಟು ಅಂತಾನೇ ಅನ್ನೋದು. ಕನ್ನಡಿ ಅವಳ ಕೋನಿನ ತೂತಿಗೆ ಸರಿಯಾಗಿ ಸಿಗಲ್ಲ, ಬೆರಳ ಅಂದಾಜಲ್ಲೇ ಇಟ್ಕೊಳ್ಳೋದು.

"ನೀನು ಕನ್ನಡದ ಪೊಣ್ಣು ಅಲ್ವಾ? ತಮಿಳು ಸೇರಿದ ನಮ್ಮ ಕನ್ನಡ ಪುರಿಯತ್ತಾ ನಿಂಗೆ?"

"ಅರ್ಥ ಆಗ್ತದೆ ಆಂಟಿ. ಇವನ ಕನ್ನಡಕ್ಕಿಂತ ನಿಮ್ಮದೇ ಚಂದ."

"ಇವನು ಊಟಾನೇ ಮಾಡಲ್ಲ ಅಮ್ಮಣಿ. ನೀನಾದ್ರೂ ಹೇಳು. ಮುಖ ಕಾಣದಿದ್ರೆ ಬಿಡು ಅಂತೀನಿ, ಕೇಳಲ್ಲ." ಹೇಳ್ತಾ ಹೇಳ್ತಾ ಅವಳ ಕೈ ಮೇಜಿನ ಮೇಲಿದ್ದ ಸ್ಲೈಡನ್ನ ಹುಡುಕಿ ಮುಟ್ಟಿ ನೋಡ್ತು, ಇದೆಯಾ ಅಂತ. ಇತ್ತು. ಒಳಗೆ ಹೋದ್ಳು.

ಜಾಸ್ಮಿನ್ ಚಹಾ ಕೆಳಗಿಟ್ಟು ದನಿ ತಗ್ಗಿಸಿದ್ಳು. "ಬಿಡ್ತೀಯಾ?"

ನವನೀತನ್ ಸ್ಲೈಡನ್ನ ಕೈಗೆತ್ಕೊಂಡ. "ಬಿಟ್ರೆ ಇನ್ನೇನಿದೆ ಹೇಳು. ಅಮ್ಮ ಕುರುಡಾಗ್ತಾಳೆ. ಆಗೋ ಮುಂಚೆ ಒಂದೇ ಒಂದು ಸಲ. ಅವಳು ಬೇರೆ ಏನೂ ಕೇಳಿಲ್ಲ ನನ್ನ, ಜಾಸ್ಮಿನ್. ಹುಟ್ಟಿದಾಗಿಂದ ಏನೂ ಕೇಳಿಲ್ಲ. ಜಗತ್ತಿಗೆಲ್ಲ ಡ್ರೈವರ್ ಕೊಟ್ಟೆ, ಯಾರದೋ ಹಿಮ ಕಾಣತ್ತೆ, ಯಾರದೋ ಹೆಂಡತಿ ಕಾಣ್ತಾಳೆ. ನನ್ನಮ್ಮುಚ್ಚಿ ಮುಖದ ಮೇಲೆ ಮಾತ್ರ..."

ಜಾಸ್ಮಿನ್ ಸಮಾಧಾನ ಹೇಳೋ ಜಾತಿಯಲ್ಲ. ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸ್ಕೊಂಡ್ಳು. "ನಿನ್ನ ಪೋಸ್ಟ್‌ಮ್ಯಾನ್ ತಾತ ಏನೋ ಬರೆದಿದಾನೆ. ನೋಡ್ಲಿಲ್ವಾ?"

ಹಿಂದಿನ ದಿನ ಆ ಮುದುಕ, ನಿನ್ನ ಮಿಷಿನ್ನಿನ ಒಂದೊಂದು ಭಾಗದ ಫೋಟೋನೂ ಹಾಕು, ನನ್ನದರ ಜೊತೆ ಇಟ್ಟು ಹೋಲಿಸ್ತೀನಿ ಅಂದಿದ್ದ. ನವನೀತನ್ ಬೇಸರದಲ್ಲೇ ಎಲ್ಲಾ ತೆಗೆದು ಹಾಕಿದ್ದ. ಜಾಸ್ಮಿನ್ ಉತ್ತರಾನ ಕನ್ನಡ ಮಾಡ್ಕೊಂಡು ಓದಿದ್ಳು. "ನಿನ್ನ ಸ್ಕ್ಯಾನರು ಭಾರತಕ್ಕೆ ಅಂತ ಮಾಡಿದ ಬೇರೆ ಮಾಡೆಲ್ಲಾ? ನಿನ್ನ ಹೋಲ್ಡರ್ ತುದೀಲಿರೋ ಬಿಳೀ ಕಿಟಕಿ ಮೇಲೆ ಒಂದು ಕೆಂಪು ಫಿಲ್ಟರ್ ಇದೆ. ನನ್ನದರಲ್ಲಿ ಆ ಕೆಂಪು ಗುಂಡು ಇಲ್ಲ. ಅದು ಯಾತಕ್ಕೆ?"

"ಕೆಂಪು ಫಿಲ್ಟರಾ?"

ಹೋಲ್ಡರ್ ಅಂದ್ರೆ ಸ್ಲೈಡ್ ಕೂರಿಸೋ ಕರೀ ಪ್ಲಾಸ್ಟಿಕ್ ಪಟ್ಟಿ. ಅದರ ಮುಂದಿನ ತುದೀಲಿ ಉಗುರಷ್ಟು ಹಾಲುಬಿಳಿ ಪ್ಲಾಸ್ಟಿಕ್ಕಿನ ಒಂದು ತುಣುಕು. ಹಿಡ್ಕೊಳ್ಳೋಕೆ ಇಟ್ಟಿರಬೇಕು ಅಂತ ನವನೀತನ್ ಅದರ ಕಡೆ ನೋಡಿರಲೇ ಇಲ್ಲ. ಜಾಸ್ಮಿನ್ ಎತ್ತಿ ನೋಡಿದ್ಳು. ಬಿಳೀ ತುಣುಕಿನ ನಟ್ಟನಡುವೆ, ಒಣಗಿ ಅಂಟ್ಕೊಂಡ ಒಂದು ಕುಂಕುಮದ ಬೊಟ್ಟು.

ಅವಳಿಗೆ ನಗು ತಡೆಯೋಕಾಗಲಿಲ್ಲ. "ದೇವರೇ! ಫಿಲ್ಟರಂತೆ! ಇದು ಆಯುಧಪೂಜೆದಲ್ವಾ? ನೀನು ಇಡೀ ಮಿಷಿನ್ ಬಿಚ್ಚಿ ತೊಳೆದವ, ಇದನ್ನ ಯಾಕೆ ಒರೆಸ್ಲಿಲ್ಲ?"

"ಪೂಜೆ ಪೊಟ್ಟು ಯಾರಾದ್ರೂ ಒರೆಸ್ತಾರಾ? ತಾನಾಗೇ ಉದುರಬೇಕು ಅದು." ನವನೀತನ್ ಹೇಳಿಬಿಟ್ಟ, ಕೈ ತೊಳೆದೇ ಊಟಕ್ಕೆ ಕೂರಬೇಕು ಅನ್ನೋಷ್ಟು ಸಲೀಸಾಗಿ. ಅವರ ಮನೇಲಿ ಅದೇ ರೂಢಿ. ಗ್ರೈಂಡರಿಗೆ, ಸೈಕಲ್ಲಿಗೆ, ಸಾಂತಿಯ ಹಳೇ ನೂಲು ಸುತ್ತೋ ರಾಟೆಗೆ, ಎಲ್ಲಾದಕ್ಕೂ ಹೋದ ವರ್ಷದ ಪೊಟ್ಟು ಹಾಗೇ ಇತ್ತು. ಅವನು ಹತ್ತಿ ಸ್ಪಿರಿಟ್ ಹಿಡಿದು ಒರೆಸುವಾಗಲೂ ಅವನ ಕೈ ಆ ಕೆಂಪಿನ ಸುತ್ತ ಬಳಸಿ ಹೋಗಿತ್ತು, ಅವನಿಗೇ ತಿಳೀದ ಹಾಗೆ.

ಜಾಸ್ಮಿನ್ ನಗು ನಿಂತಿತ್ತು. ಹೋಲ್ಡರನ್ನ ಕಿಟಕಿ ಬೆಳಕಿಗೆ ಹಿಡಿದಿದ್ಳು. ಬಿಳೀ ತುಣುಕಲ್ಲಿ ಬೆಳಕು ಹಾಯ್ತಾ ಇತ್ತು, ನಡುವೆ ಮಾತ್ರ ಕೆಂಪಗೆ.

"ನವನೀ, ಹೋಲ್ಡರ್ ಒಳಗೆ ಹೋಗ್ತಾ ಮೋಟರ್ ಸ್ವಲ್ಪ ಹೊತ್ತು ನಿಲ್ತದೆ ಅಂದಿದ್ದಿಯಲ್ಲ?"

"ಹೂಂ. ದೀಪ ಬಿಸಿಯಾಗೋಕೆ."

"ಬಿಸಿಯಾಗೋಕೆ ಅಂತ ಹೇಳಿದ್ದು ಯಾರು?"

"ಯಾರೂ ಇಲ್ಲ. ನಾನೇ ಅಂದ್ಕೊಂಡೆ."

"ಹಾಗೆ ನಿಂತಾಗ ದೀಪದ ಕೆಳಗೆ ಎಂತ ಇರ್ತದೆ?"

ನವನೀತನ್ ಹೋಲ್ಡರ್ ಕಡೆ ಬಗ್ಗಿ ನೋಡಿದ. ಅಲ್ಲಿ ಇರೋದು ಆ ಬಿಳೀ ತುಣುಕು. ಸ್ಕ್ಯಾನರ್ ಅಲ್ಲಿ ನಿಂತು ಬಿಸಿಯಾಗ್ತಿಲ್ಲ, ನೋಡ್ತಿದೆ. ಬಿಳಿ ಅಂದ್ರೆ ಹೀಗಿರತ್ತೆ ಅಂತ ಪ್ರತಿ ಸಲ ಅಲ್ಲಿ ನೋಡಿ ಕಲಿಯತ್ತೆ. ನಡುವೆ ಕೆಂಪು ಕಂಡಿದೆ. ಕೆಂಪನ್ನೇ ಬಿಳಿ ಅಂತ ನಂಬಿಕೊಂಡು, ಚಿತ್ರದ ನಡುವಿಂದ ಕೆಂಪು ಕಿತ್ತು ಹಸಿರೂ ನೀಲೀನೂ ಸುರಿದಿದೆ. ಸೆನ್ಸರ್ ಸತ್ತಿಲ್ಲ. ಕೋಡ್ ತಪ್ಪಿಲ್ಲ.

ಹಬ್ಬದ ಬೆಳಿಗ್ಗೆ ಕಣ್ಣಿಗೆ ಕಟ್ಟಿತು. ಅಮ್ಮ ಕುಂಕುಮದ ಬಟ್ಟಲು ಹಿಡ್ಕೊಂಡು ಮೇಜಿನ ಹತ್ರ ಬಂದು, "ಕಣ್ಣು, ನಿನ್ನ ಮಿಷಿನ್ನಿಗೆ ಎಲ್ಲಿ ಇಡ್ಲಿ? ಎಲ್ಲಾ ಕರ್ರಗಿದೆ, ಏನೂ ತೆರಿಯಲ್ಲ" ಅಂತ ಕೇಳಿದ್ಳು. ಇವನು ಟೈಪ್ ಮಾಡ್ತಾ, ತಲೆ ಎತ್ತದೆ, "ಎಲ್ಲಾದ್ರೂ ಇಡಮ್ಮ" ಅಂದಿದ್ದ. ಅಷ್ಟು ಕಪ್ಪಿನೊಳಗೆ ಅವಳ ಕಣ್ಣಿಗೆ ಸಿಕ್ಕಿದ್ದು ಅದೊಂದೇ ಬಿಳಿ. ತನ್ನ ಅಮ್ಮನ ಮುಖ ಕಾಣಿಸ್ಲಿ ಅಂತ ಬೇಡ್ಕೊಂಡು ಅಲ್ಲೇ ಇಟ್ಟಿದ್ಳು.

"ಏನು ನಗ್ತಿದ್ರಿ?" ಸಾಂತಿ ಬಾಗಿಲಲ್ಲಿ ನಿಂತಿದ್ಳು. "ಸಿಕ್ತಾ ತಪ್ಪು?"

ಜಾಸ್ಮಿನ್ ಹೋಲ್ಡರ್ ಎತ್ತಿ ಹಿಡಿದು ಬಾಯಿ ತೆರೆದ್ಳು. ನವನೀತನ್ ಮೇಜಿನ ಕೆಳಗೆ ಅವಳ ಕಾಲು ಮೆಟ್ಟಿದ.

"ಸಿಕ್ತಮ್ಮ. ಒಂದು ಚುಕ್ಕೆ ಜಾಸ್ತಿ ಬಿದ್ದಿತ್ತು."

"ಒಂದು ಚುಕ್ಕೆಗಾ ಇಷ್ಟು ಪಾಡು?" ಅಂದ್ಳು ಸಾಂತಿ. "ಪಾತ್ತು, ನೋಡ್ಕೊಂಡು ಬರೀಬಾರ್ದಾ?"

ಅವನು ಬೆರಳಲ್ಲಿ ಪೊಟ್ಟನ್ನ ಕೆರೆದು ತೆಗೆದು, ರೂಢಿ ಬಿಡದೆ, ಹಣೆಗೆ ಹಚ್ಕೊಂಡ. ಆಮೇಲೆ ಸ್ಪಿರಿಟ್ಟಲ್ಲಿ ಒರೆಸಿದ, ತಿಳಿಗೆಂಪು ಕಲೆ ಪೂರ್ತಿ ಹೋಗೋ ತನಕ. ಸ್ಲೈಡ್ ಕೂರಿಸಿದ. ಎರಡು ಸಲ ತಪ್ಪಿತು.

ದೀಪ ಮಿಣುಕ್ತು. ಆರ್ತು. ಮತ್ತೆ ಮಿಣುಕ್ತು.

"ಹತ್ಕೋ" ಅಂದ ನವನೀತನ್. "ಹತ್ಕೋ ತಾಯಿ. ಇದೊಂದು ಸಲ."

ಹತ್ತಿತು, ಮಂಕಾಗಿ. ಮೋಟರ್ ನಿಂತು ಬಿಳಿ ನೋಡಿತು, ಹೊರಟಿತು. ಸ್ಕ್ರೀನ್ ಮೇಲಿಂದ ಗೆರೆಗೆರೆಯಾಗಿ ಇಳೀತಾ ಬಂತು ಚಿತ್ರ. ಬಿಳೀ ಆಕಾಶ. ಮಿಲ್ಲಿನ ಕಬ್ಬಿಣದ ಕಮಾನು. ಬೈತಲೆ. ಹಣೆ. ಪಟ್ಟೆ ಇಲ್ಲ. ಹುಬ್ಬು ಬಂತು, ಕಣ್ಣು ಬಂತು, ಒಂದು ಕಣ್ಣು ಬಿಸಿಲಿಗೆ ಕಿರಿದಾಗಿತ್ತು. ದೀಪ ಒಳಗೆ ಕಿಚಿಕಿಚಿ ಸದ್ದು ಮಾಡ್ತಿತ್ತು. ಮೂಗು. ಮೂಗುತಿ. ಜಾಸ್ಮಿನ್ ಅವನ ತೋಳು ಹಿಡ್ಕೊಂಡಿದ್ದು ಉಗುರು ಊರ್ತಿತ್ತು, ಅವನಿಗೆ ಗೊತ್ತೇ ಆಗಲಿಲ್ಲ. ತುಟಿ. ಗದ್ದ. ಕತ್ತಿನ ಕರಿಮಣಿ. ಸೀರೆ ಮಡಿಕೆ.

ಆಮೇಲೆ ಟಪ್ ಅಂತು. ಸ್ಕ್ರೀನ್ ಮೇಲೆ ಗೆರೆಗಳೆಲ್ಲ ಕಪ್ಪು, ಕಪ್ಪು, ಕಪ್ಪು.

ಇನ್ನೆಷ್ಟು ಸಲ ಹಚ್ಚಿದ್ರೂ ದೀಪ ಹತ್ತಲಿಲ್ಲ. ಮುಖ ಬಂದಿತ್ತು, ಕೂಸು ಬರೋ ಮುಂಚೆ ಆರಿತ್ತು. ನವನೀತನ್ ಹಳೇ ಸ್ಕ್ಯಾನಿನ ಕೆಳಗಿನ ಅರ್ಧ ಕತ್ತರಿಸಿ ಇದರ ಕೆಳಗೆ ಜೋಡಿಸಿದ. ಪಟ್ಟೆ ಈಗ ಕೂಸಿನ ಮೇಲೆ ಮಾತ್ರ ಉಳೀತು.

"ಅಮ್ಮಾ. ಬಾ."

ಸಾಂತಿ ಬಂದು ಕುರ್ಚಿ ತುದೀಲಿ ಕೂತ್ಳು. ಅವನು ಚಿತ್ರಾನ ಸ್ಕ್ರೀನ್ ತುಂಬ ಮಾಡಿದ. ಎಷ್ಟು ದೊಡ್ಡದು! ಅಂಚಿನ ಎಳೆ ಎಣಿಸಬಹುದು. ಅವಳು ಮುಖ ಹತ್ರ ತಂದು ಅತ್ತ ಇತ್ತ ಆಡಿಸಿದ್ಳು, ಕತ್ತಲೇಲಿ ಸೂಜಿ ಹುಡುಕೋ ಹಾಗೆ.

"ಮೂಗುತಿ ಇದೆ... ಇದು ಕೆನ್ನೆ ತಾನೆ? ಇಲ್ಲಿ ಕಣ್ಣು." ಮತ್ತೆ ತಲೆ ತಿರುಗಿಸಿದ್ಳು. "ಎಲ್ಲಾ ತುಂಡುತುಂಡಾ ಬರತ್ತೆ ಕಣ್ಣು. ಕಣ್ಣು ನೋಡಿದ್ರೆ ಬಾಯಿ ಹೋಗತ್ತೆ. ಮುಖ ಸೇರಲ್ಲ. ತಾಮಸ ಆಯ್ತು, ತಡ ಆಯ್ತು ಅನ್ಸತ್ತೆ. ನನ್ನದು ಮುಗೀತು ಅನ್ಸತ್ತೆ."

ನವನೀತನ್ ಇನ್ನೂ ದೊಡ್ಡದು ಮಾಡಿದ. ಇನ್ನೂ ಹಾಳಾಯ್ತು. ಬೆಳಕು ಏರಿಸಿದ. ಅವಳು ಕಣ್ಣು ಮುಚ್ಚಿ ತಲೆ ಆಡಿಸಿದ್ಳು. ಜಾಸ್ಮಿನ್ ಕಿಟಕಿ ಕಡೆ ತಿರುಗಿ ನಿಂತ್ಬಿಟ್ಳು. ಅವನಿಗೆ ಕೂಗಿ ಅಳಬೇಕು ಅನ್ನಿಸ್ತು, ಅತ್ತರೆ ಅಮ್ಮನಿಗೆ ಕೇಳತ್ತೆ. ಸುಮ್ನೆ ಮೂಲೇಲಿದ್ದ ರಾಟೆ ನೋಡ್ತಾ ಕೂತ. ರಾಟೆ ಮೇಲೆ ಒಂದು ಖಾಲಿ ಕೋನು. ಅದರ ಸಣ್ಣ ತೂತು.

ತೂತು ದೊಡ್ಡದು ಮಾಡೋಕಾಗಲ್ಲ. ನೋಡೋದನ್ನ ಚಿಕ್ಕದು ಮಾಡಬಹುದಲ್ಲ?

ಚಿತ್ರಾನ ಚಿಕ್ಕದು ಮಾಡಿದ. ಅಂಗೈಯಷ್ಟು. ಇನ್ನೂ ಚಿಕ್ಕದು. ಅಂಚೆಚೀಟಿಯಷ್ಟು. ಇಷ್ಟು ದಿನ ಎಳೆಎಳೆಯಾಗಿ ಎತ್ತಿ ತಂದ ಬಿಂದುಗಳನ್ನೆಲ್ಲ ಬಿಸಾಡ್ತಾ ಬಿಸಾಡ್ತಾ, ಆ ರಟ್ಟಿನ ಸ್ಲೈಡಿನಷ್ಟೇ ಆಗೋ ತನಕ ಕುಗ್ಗಿಸಿದ. ಅಮ್ಮನ ಕುರ್ಚಿ ಒಂದಿಷ್ಟು ಹಿಂದಕ್ಕೆ ಎಳೆದ.

"ಈಗ ನೋಡು."

ಸಾಂತಿ ನೋಡಿದ್ಳು. ತಲೆ ಆಡಿಸೋದು ನಿಂತಿತು. ಪೋತ್ತನೂರು ಜಂಕ್ಷನ್ನಿಗೆ ಯಾವ್ದೋ ಗೂಡ್ಸ್ ಗಾಡಿ ಬಂದು ನಿಂತು, ಡಬ್ಬಿಗಳ ಕೊಂಡಿಗಳೆಲ್ಲ ಒಂದಾದ್ಮೇಲೊಂದು ಗಡಗಡ ಅಂದವು. ಅವಳು ಅಲ್ಲಾಡಲಿಲ್ಲ.

"ಡೇಯ್," ಅಂದ್ಳು ಕೊನೆಗೆ, ಮೆತ್ತಗೆ, ಯಾರನ್ನೋ ಎಬ್ಬಿಸಬಾರ್ದು ಅನ್ನೋ ಹಾಗೆ. "ಇವ್ಳು ಚಿನ್ನ ಹುಡ್ಗಿ ಕಣೋ. ನಿನಗಿಂತ ಚಿಕ್ಕವ್ಳು."

"ಹೂಂ ಅಮ್ಮ."

"ನಾನು ಮುದುಕಿ ಥರ ಅಂದ್ಕೊಂಡಿದ್ದೆ. ಇಷ್ಟು ದಿನ ಮುದುಕಿ ಥರಾನೇ ಕೂಗ್ತಿದ್ದೆ ಮನಸ್ಸಲ್ಲಿ." ಸ್ಕ್ರೀನ್ ಕಡೆ ಬೆರಳು ಮಾಡಿ, "ಪೊಟ್ಟು ನೋಡು. ವಾರೆ ಇಟ್ಕೊಂಡಿದಾಳೆ, ನನ್ನ ಹಂಗೇ."

ನವನೀತನ್ ನೋಡಿರಲಿಲ್ಲ. ಬಗ್ಗಿ ನೋಡಿದ. ಹೌದು, ಹುಬ್ಬಿನ ಕಡೆಗೆ ಜಾರಿತ್ತು.

ಸಾಂತಿ ಕಣ್ಣು ಕೀಳದೆ ಕೈ ಚಾಚಿದ್ಳು. "ಅಮ್ಮಣಿ ಜಾಸ್ಮಿನು, ಸಾಮಿ ಗೂಡಲ್ಲಿ ಕುಂಕುಮ ಇದೆ, ತಾ. ನಾನು ಅವತ್ತೇ ವೇಂಡ್ಕೊಂಡಿದ್ದೆ ಈ ಮಿಷಿನ್ನ ಹತ್ರ. ಕೊಟ್ಟ ಮಾತು ಉಳಿಸ್ಕೊಂತು. ಅದಕ್ಕೊಂದು ಪೊಟ್ಟು ಇಡಬೇಕು."

ಜಾಸ್ಮಿನ್ ನವನೀತನ್ ಮುಖ ನೋಡಿದ್ಳು. ಅವನು ಸತ್ತ ಸ್ಕ್ಯಾನರಿಂದ ಹೋಲ್ಡರ್ ಎಳೆದು, ಬಿಳೀ ತುಣುಕು ಮೇಲೆ ಬರೋ ಹಾಗೆ ಅಮ್ಮನ ಮುಂದೆ ಇಟ್ಟ.

"ಎಲ್ಲಿ ಇಡ್ಲಿ ಕಣ್ಣು?"

ಅವನು ಈ ಸಲ ಅವಳ ಬೆರಳು ಹಿಡ್ಕೊಂಡ. "ಇಲ್ಲೇ ಅಮ್ಮ. ಹೋದ ಸಲ ಇಟ್ಟಿದ್ದಿಯಲ್ಲ, ಅಲ್ಲೇ."